ಪರದೇಶ ಪ್ರಯಾಣಕ್ಕೆ ಮುನ್ನ ತೊಂಬತ್ತು ದಿನ

ದಾವಣಗೆರೆಯ ವಿದ್ಯಾನಗರ, ಪಿ.ಜೆ. ಬಡಾವಣೆಗಳಲ್ಲಾಗಲಿ, ಹರಿಹರದ ಪೇಟೆಯಲ್ಲಾಗಲಿ ಮಕ್ಕಳು ಪರದೇಶದಲ್ಲಿ ನೆಲೆಸಿರುವ ಮನೆ ಇಲ್ಲದ ಬೀದಿ ಇಂದು ಅಪರೂಪ. ಯು.ಬಿ.ಡಿ.ಟಿ., ಬಿ.ಐ.ಇ.ಟಿ. ಇಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿಯೂ ಓದಿದ ತರುಣರು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯ, ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗದಲ್ಲಿದ್ದಾರೆ. ಅವರ ತಂದೆತಾಯಿಯರು ಅರವತ್ತು, ಎಪ್ಪತ್ತರ ವಯಸ್ಸಿನಲ್ಲಿ ಮೊದಲ ಬಾರಿಗೆ ವಿಮಾನ ಹತ್ತುತ್ತಿದ್ದಾರೆ. ಒಬ್ಬರು ಮೊಮ್ಮಗುವಿನ ಮುಖ ನೋಡಲು, ಇನ್ನೊಬ್ಬರು ಮಗಳ ಬಾಣಂತನಕ್ಕೆ, ಮತ್ತೊಬ್ಬರು ಮಗನ ಹೊಸ ಮನೆಯ ಗೃಹಪ್ರವೇಶಕ್ಕೆ ಹೊರಡುತ್ತಾರೆ.

ಇಂತಹ ಹಿರಿಯರು ನಮ್ಮ ಚಿಕಿತ್ಸಾಲಯಕ್ಕೆ ಬರುವುದು ಸಾಮಾನ್ಯವಾಗಿ ಹೊರಡಲು ಮೂರು ದಿನ ಉಳಿದಿರುವಾಗ. “ವಿಮಾನದಲ್ಲಿ ಏನೂ ತೊಂದರೆ ಆಗದ ಹಾಗೆ ಒಂದು ಔಷಧ ಕೊಡಿ ಡಾಕ್ಟರೇ” ಎಂದು ಕೇಳುತ್ತಾರೆ. ಮೂರು ದಿನದಲ್ಲಿ ಫಲ ಕೊಡುವ ಅಂತಹ ಔಷಧ ಆಯುರ್ವೇದದಲ್ಲಿಯೂ ಇಲ್ಲ, ಆಧುನಿಕ ವೈದ್ಯದಲ್ಲಿಯೂ ಇಲ್ಲ. ತೊಂಬತ್ತು ದಿನ ಮೊದಲೇ ಬಂದರೆ ಮಾಡಬಹುದಾದದ್ದು ಬಹಳವಿದೆ. ಆ ತೊಂಬತ್ತು ದಿನಗಳು ಪ್ರವಾಸದಷ್ಟೇ ಸಂತೋಷ ಕೊಡುವ ದಿನಗಳೂ ಆಗಬಲ್ಲವು. ಆ ದಿನಗಳನ್ನು ಹೇಗೆ ಕಳೆಯಬೇಕೆಂಬುದನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ.

ಸಂತೋಷವೂ ಪಥ್ಯವೇ

ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಶ್ರೇಷ್ಠವಸ್ತುಗಳ ದೀರ್ಘವಾದ ಪಟ್ಟಿಯೊಂದಿದೆ. ತೃಪ್ತಿಪುಷ್ಟಿಗಳನ್ನು ಕೊಡುವವುಗಳಲ್ಲಿ ಹರ್ಷವೇ ಮೊದಲನೆಯದೆಂದೂ, ರೋಗವನ್ನು ಹೆಚ್ಚಿಸುವವುಗಳಲ್ಲಿ ವಿಷಾದವೇ ಮೊದಲನೆಯದೆಂದೂ ಆಚಾರ್ಯರು ಅಲ್ಲಿ ಹೇಳುತ್ತಾರೆ. ಮನಸ್ಸಿನ ಸ್ಥಿತಿಯನ್ನು ಆಹಾರ, ಔಷಧಗಳ ಸಾಲಿನಲ್ಲಿಯೇ ಇಟ್ಟಿರುವುದು ಗಮನಾರ್ಹ.

ಈ ಕಾಲದ ಸಂಶೋಧನೆಯೊಂದು ಇದಕ್ಕೆ ಹತ್ತಿರವಾದ ಮಾತನ್ನು ಹೇಳಿದೆ. 2010ರಲ್ಲಿ ನೆದರ್ಲೆಂಡ್ಸ್ ದೇಶದ ಸಂಶೋಧಕರು 1,530 ಜನರ ಸಂತೋಷವನ್ನು ಅಳೆದು ಪ್ರಕಟಿಸಿದರು. ಪ್ರವಾಸಕ್ಕೆ ಹೊರಡಲಿದ್ದವರು ಮನೆಯಲ್ಲಿಯೇ ಉಳಿಯುವವರಿಗಿಂತ ಹೆಚ್ಚು ಸಂತೋಷದಿಂದಿದ್ದರು. ಹಿಂತಿರುಗಿದ ಮೇಲೆ ಬಹುಪಾಲು ಜನರಲ್ಲಿ ಆ ವ್ಯತ್ಯಾಸ ಉಳಿದಿರಲಿಲ್ಲ. ಅಂದರೆ ಪ್ರವಾಸದ ಆನಂದದ ದೊಡ್ಡ ಪಾಲು ಹೊರಡುವ ಮುನ್ನವೇ ದೊರೆಯುತ್ತದೆ.

ಆದರೆ ನಮ್ಮ ಹಿರಿಯರಲ್ಲಿ ಅನೇಕರು ಈ ಪಾಲನ್ನು ಕಳೆದುಕೊಳ್ಳುತ್ತಿದ್ದಾರೆ. ಟಿಕೆಟ್ಟು, ವೀಸಾ ಅರ್ಜಿ, ವಿಮೆ ಎಲ್ಲವನ್ನೂ ಮಗ ಅಲ್ಲಿಂದಲೇ ಮಾಡಿಬಿಡುತ್ತಾನೆ. ಇಲ್ಲಿರುವ ಅಳಿಯ ಪೆಟ್ಟಿಗೆ ಕಟ್ಟಿಸುತ್ತಾನೆ. ಪ್ರೀತಿಯಿಂದ ಮಾಡುವ ಕೆಲಸವೇ ಅದು. ಆದರೂ ತಂದೆತಾಯಿಯರು ವಿಳಾಸ ಬರೆದ ಪಾರ್ಸೆಲ್ಲಿನಂತೆ ವಿಮಾನ ಹತ್ತುವ ಸ್ಥಿತಿ ಅದರಿಂದ ಬರುತ್ತದೆ. ತಾವು ನುಂಗುವ ಮಾತ್ರೆಯ ಹೆಸರು ಅವರಿಗೆ ಗೊತ್ತಿರುವುದಿಲ್ಲ, ಎಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕೆಂಬುದೂ ಗೊತ್ತಿರುವುದಿಲ್ಲ. ನಮಗೆ ಪರಿಚಿತರಾದ ತಾಯಿಯೊಬ್ಬರ ಪೆಟ್ಟಿಗೆ ಎರಡು ದಿನ ತಡವಾಗಿ ತಲುಪಿತು. ಮಾತ್ರೆಗಳೆಲ್ಲವೂ ಅದರಲ್ಲಿದ್ದವು. “ಬೆಳಗಿನ ಸಣ್ಣ ಬಿಳಿ ಮಾತ್ರೆ ಯಾವುದು?” ಎಂದು ಮಗ ಮಧ್ಯರಾತ್ರಿ ನಮಗೆ ದೂರವಾಣಿ ಮಾಡಿದ. ಸಣ್ಣ ಬಿಳಿ ಮಾತ್ರೆಗಳು ನೂರಾರು ಇವೆ. ಅವರ ಹಳೆಯ ಚೀಟಿಗಳನ್ನು ಹುಡುಕಿ ತೆಗೆಯುವವರೆಗೆ ಆ ತಾಯಿಯ ರಕ್ತದೊತ್ತಡದ ಔಷಧ ಎರಡು ಹೊತ್ತು ತಪ್ಪಿತ್ತು. ಸಿದ್ಧತೆಯನ್ನು ತಾವೇ ಮಾಡಿಕೊಂಡರೆ ಸಂತೋಷವೂ ಸಿಗುತ್ತದೆ, ಸುರಕ್ಷತೆಯೂ ಸಿಗುತ್ತದೆ.

ಮೊದಲ ತಿಂಗಳು: ಪುಸ್ತಕ, ಪರೀಕ್ಷೆ, ಭೂಪಟ

ಇನ್ನೂರು ಪುಟದ ಒಂದು ನೋಟ್ ಪುಸ್ತಕ ತಂದು ಅದರ ಮೇಲೆ ಪ್ರಯಾಣದ ಪುಸ್ತಕ ಎಂದು ಬರೆಯಬೇಕು. ಪಾಸ್‌ಪೋರ್ಟಿನ ಸಂಖ್ಯೆ ಮತ್ತು ಅವಧಿ, ಮಕ್ಕಳ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಮೊದಲ ಪುಟದಲ್ಲಿ ಸ್ವಂತ ಕೈಯಿಂದ ಬರೆದಿಡಬೇಕು. ಅನೇಕ ದೇಶಗಳು ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕೆಂದು ಕೇಳುತ್ತವೆ. ನವೀಕರಣಕ್ಕೆ ಬೆಂಗಳೂರಿಗೆ ಓಡಬೇಕಾದ ಕಾಲ ಹೋಯಿತು. ದಾವಣಗೆರೆಯ ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ.

ಅಮೆರಿಕದ ವೀಸಾ ಸಂದರ್ಶನಕ್ಕೆ ನಮ್ಮ ಭಾಗದವರು ಹೆಚ್ಚಾಗಿ ಚೆನ್ನೈಗೋ ಹೈದರಾಬಾದಿಗೋ ಹೋಗುತ್ತಾರೆ. ಆ ಪ್ರಯಾಣವನ್ನು ಒಂದು ತಾಲೀಮು ಎಂದು ತಿಳಿಯಬೇಕು. ರೈಲಿನಲ್ಲಿ ಹತ್ತಾರು ಗಂಟೆ ಕುಳಿತಾಗ ಪಾದ ಊದಿಕೊಂಡಿತೇ, ನಿದ್ದೆ ಬಂದಿತೇ, ಮಲಬದ್ಧತೆ ಆಯಿತೇ, ಮೂತ್ರಕ್ಕೆ ಎಷ್ಟು ಸಲ ಏಳಬೇಕಾಯಿತು ಎಂಬುದನ್ನು ಪುಸ್ತಕದಲ್ಲಿ ಬರೆದು ತಂದರೆ ವೈದ್ಯನಿಗೆ ಅರ್ಧ ಕೆಲಸ ಮುಗಿದಂತೆ.

ಇದೇ ತಿಂಗಳಿನಲ್ಲಿ ಆರೋಗ್ಯ ಪರೀಕ್ಷೆ ಆಗಬೇಕು. ರಕ್ತದೊತ್ತಡ, ಸಕ್ಕರೆ, ರಕ್ತಹೀನತೆ, ಮೂತ್ರಪಿಂಡ, ಹೃದಯ, ಕಣ್ಣು, ಹಲ್ಲು ಇವೆಲ್ಲವನ್ನೂ ನೋಡಿಸಬೇಕು. ಪರದೇಶದಲ್ಲಿ ಹಲ್ಲುನೋವು ಬಂದರೆ ಆಗುವ ಖರ್ಚಿನಲ್ಲಿ ಇಲ್ಲಿ ಇಡೀ ಬಾಯಿಯ ಚಿಕಿತ್ಸೆ ಮುಗಿದೀತು. ಈಚೆಗೆ ಹೃದಯಾಘಾತ, ಪಾರ್ಶ್ವವಾಯು, ದೊಡ್ಡ ಶಸ್ತ್ರಚಿಕಿತ್ಸೆ ಆದವರು ತಜ್ಞರ ಲಿಖಿತ ಒಪ್ಪಿಗೆ ಪಡೆದ ಮೇಲೆಯೇ ಟಿಕೆಟ್ಟಿನ ಮಾತು ಆಡಬೇಕು. ಪ್ರಯಾಣ ವಿಮೆ ಮಾಡಿಸುವಾಗ ಇರುವ ರೋಗವನ್ನು ಮುಚ್ಚಿಡಬಾರದು. ಮುಚ್ಚಿಟ್ಟ ರೋಗವೇ ಅಲ್ಲಿ ಉಲ್ಬಣಿಸಿದರೆ ವಿಮೆ ಕೈಗೆ ಬಾರದು; ಅಮೆರಿಕದ ಆಸ್ಪತ್ರೆಯ ಬಿಲ್ಲು ಮಗನ ವರ್ಷಗಳ ಉಳಿತಾಯವನ್ನು ನುಂಗಬಲ್ಲದು.

ತೊಂಬತ್ತು ದಿನ ಎಂದು ನಾವು ಹೇಳುವುದಕ್ಕೆ ಒಂದು ಕಾರಣವಿದೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುತ್ತದೆ. ಮೊದಲ ವಾರ ಒಮ್ಮೆ ಮಾಡಿಸಿ, ಪಥ್ಯ, ನಡಿಗೆಗಳನ್ನು ಪಾಲಿಸಿ, ಹೊರಡುವ ಮುನ್ನ ಮತ್ತೊಮ್ಮೆ ಮಾಡಿಸಿದರೆ ತಮ್ಮ ಶ್ರಮದ ಫಲ ತಮ್ಮ ಕಣ್ಣಿಗೇ ಕಾಣುತ್ತದೆ.

ಸಂಜೆಯ ಹೊತ್ತು ಭೂಪಟ ಹರಡಿಕೊಂಡು ಮನೆಯವರೆಲ್ಲ ಕೂಡಿ ನೋಡುವುದು ಈ ತಿಂಗಳ ಸುಖ. ಇಂಗ್ಲೆಂಡಿಗೆ ಹೋಗುವವರು, ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಮಗನ ಮನೆಯಿಂದ ಎಷ್ಟು ದೂರವೆಂದು ಗುರುತು ಮಾಡಿಕೊಳ್ಳಬಹುದು. ಅಮೆರಿಕಕ್ಕೆ ಹೋಗುವವರು ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಪುಸ್ತಕವನ್ನು ಗ್ರಂಥಾಲಯದಿಂದ ತಂದು ದಿನಕ್ಕೆ ಹತ್ತು ಪುಟ ಗಟ್ಟಿಯಾಗಿ ಓದಬಹುದು. ಎಪ್ಪತ್ತು ದಾಟಿದ ಹಿರಿಯರು ಕಂಡ ಅಮೆರಿಕ ಅದು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ಎರಡನೆಯ ತಿಂಗಳು: ಕಾಲು, ಹೊಟ್ಟೆ, ನಿದ್ದೆ

ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಒಂದು ದ್ವಾರದಿಂದ ಇನ್ನೊಂದಕ್ಕೆ ಒಂದು ಕಿಲೋಮೀಟರು ನಡೆಯಬೇಕಾಗುವುದುಂಟು. ಆದ್ದರಿಂದ ಮೊದಲ ವಾರ ಹದಿನೈದು ನಿಮಿಷ, ವಾರಕ್ಕೆ ಐದೈದು ನಿಮಿಷ ಹೆಚ್ಚಿಸುತ್ತ ನಲವತ್ತು ನಿಮಿಷದ ನಡಿಗೆಯನ್ನು ಸಾಧಿಸಬೇಕು. ದಾವಣಗೆರೆಯವರಿಗೆ ಕುಂದವಾಡ ಕೆರೆಯ ಏರಿಯಿದೆ, ಹರಿಹರದವರಿಗೆ ತುಂಗಭದ್ರೆಯ ದಂಡೆಯಿದೆ. ಅಲ್ಲಿ ಹಾಕಿಕೊಳ್ಳಲಿರುವ ಹೊಸ ಬೂಟನ್ನು ಇಲ್ಲಿಯೇ ಹಾಕಿ ನಡೆದು ಪಳಗಿಸಬೇಕು. ಮಂಡಿನೋವು ಇರುವವರು ವಿಮಾನ ಸಂಸ್ಥೆಗೆ ಮುಂಚಿತವಾಗಿ ತಿಳಿಸಿ ಗಾಲಿಕುರ್ಚಿ ಕೇಳಿಕೊಳ್ಳಲಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಊಟದ ಬದಲಾವಣೆಗೆ ಚರಕಾಚಾರ್ಯರು ಪಾದಾಂಶಿಕ ಕ್ರಮವೆಂಬ ಉಪಾಯವನ್ನು ತಿಳಿಸಿದ್ದಾರೆ. ಪಾದವೆಂದರೆ ಕಾಲುಭಾಗ. ದೇಹಕ್ಕೆ ಒಗ್ಗಿಹೋದದ್ದನ್ನು ಒಮ್ಮೆಗೇ ಬಿಡಬಾರದು, ಹೊಸದನ್ನು ಒಮ್ಮೆಗೇ ಹಿಡಿಯಬಾರದು. ಹಳೆಯದರ ಕಾಲುಭಾಗ ಬಿಟ್ಟು ಹೊಸದರ ಕಾಲುಭಾಗ ಸೇರಿಸಿ, ಅದು ಒಗ್ಗಿದ ಮೇಲೆ ಮುಂದಿನ ಕಾಲುಭಾಗಕ್ಕೆ ಹೋಗಬೇಕು. ನಮ್ಮಲ್ಲಿ ರಾತ್ರಿ ಒಂಬತ್ತೂವರೆಗೆ ಊಟ. ಅಲ್ಲಿ ಮಕ್ಕಳು ಏಳೂವರೆಗೆ ಊಟ ಮುಗಿಸುತ್ತಾರೆ. ಈ ಎರಡು ಗಂಟೆಯನ್ನು ಅರ್ಧರ್ಧ ಗಂಟೆಯ ನಾಲ್ಕು ಮೆಟ್ಟಿಲು ಮಾಡಿ ಒಂದು ತಿಂಗಳಿನಲ್ಲಿ ಇಳಿದರೆ ಹೊಟ್ಟೆ ಪ್ರತಿಭಟಿಸುವುದಿಲ್ಲ. ಬೆಳಗಿನ ರೊಟ್ಟಿ, ಅವಲಕ್ಕಿಗಳ ಸ್ಥಾನದಲ್ಲಿ ವಾರಕ್ಕೊಂದೆರಡು ದಿನ ಓಟ್ಸ್ ಗಂಜಿ, ಹಣ್ಣುಗಳನ್ನು ರೂಢಿಸಿಕೊಳ್ಳುವುದೂ ಇದೇ ಕ್ರಮದಲ್ಲಿ ಆಗಲಿ.

ನಿದ್ದೆಗೂ ಇದೇ ಲೆಕ್ಕ, ಆದರೆ ಅದಕ್ಕೆ ಮಿತಿಯಿದೆ. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಹೊರಡುವ ಐದು ದಿನ ಮೊದಲಿನಿಂದ ದಿನಕ್ಕೆ ಅರ್ಧ ಗಂಟೆ ಬೇಗ ಮಲಗಿ ಬೇಗ ಎದ್ದರೆ ಆ ಅಂತರ ಮನೆಯಲ್ಲಿಯೇ ಮುಗಿದುಹೋಗುತ್ತದೆ. ನ್ಯೂಯಾರ್ಕ್ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಹಿಂದಿದೆ, ಕ್ಯಾಲಿಫೋರ್ನಿಯ ಹನ್ನೆರಡೂವರೆ ಗಂಟೆ ಹಿಂದಿದೆ. ಅಷ್ಟನ್ನು ಇಲ್ಲಿ ಕುಳಿತು ಸರಿಹೊಂದಿಸಲಾಗದು. ಅಲ್ಲಿ ಇಳಿದ ದಿನದಿಂದಲೇ ಅಲ್ಲಿನ ಸೂರ್ಯನನ್ನು ಅನುಸರಿಸಬೇಕು: ಹಗಲು ಬಿಸಿಲಿನಲ್ಲಿ ತಿರುಗಾಟ, ಮಧ್ಯಾಹ್ನ ಅರ್ಧ ಗಂಟೆಗಿಂತ ಹೆಚ್ಚು ಮಲಗದಿರುವುದು, ರಾತ್ರಿ ಬೆಚ್ಚಗಿನ ಎಳ್ಳೆಣ್ಣೆಯಿಂದ ಪಾದಾಭ್ಯಂಗ. ಒಂದು ವಾರ, ಹತ್ತು ದಿನದಲ್ಲಿ ದೇಹ ಹೊಂದಿಕೊಳ್ಳುತ್ತದೆ. ಬಾಣಂತನಕ್ಕೆ ಹೋಗುವ ತಾಯಂದಿರು ಹೆರಿಗೆಯ ದಿನಕ್ಕೆ ಎರಡು ವಾರವಾದರೂ ಮೊದಲೇ ತಲುಪಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ. ತಾನೇ ಹಗಲು ತೂಕಡಿಸುವವರು ಬಾಣಂತಿಯನ್ನು ನೋಡಿಕೊಳ್ಳುವುದು ಹೇಗೆ?

ಹರಿಹರದ ಹಿರಿಯರೊಬ್ಬರನ್ನು ಇಲ್ಲಿ ನೆನೆಯಬೇಕು. ಆಯುಷ್ಯವೆಲ್ಲ ಲೇತ್ ಯಂತ್ರದ ಮುಂದೆ ನಿಂತು ದುಡಿದವರು. ನಿವೃತ್ತಿಯ ನಂತರ ಮಾತು ಕಡಿಮೆಯಾಗಿ, ಸಕ್ಕರೆ ಏರಿ, ದಿನವೆಲ್ಲ ಟಿ.ವಿ. ಎದುರು ಕೂಡುತ್ತಿದ್ದರು. ಮಗಳ ಊರಿಗೆ ಹೋಗುವುದು ನಿಶ್ಚಯವಾದ ಮೇಲೆ ಸಿದ್ಧತೆಯ ಹೊಣೆಯನ್ನು ಅವರೇ ವಹಿಸಿಕೊಂಡರು. ಗೋಡೆಯ ಮೇಲೆ ಎರಡು ಗಡಿಯಾರ ತೂಗುಹಾಕಿ ಒಂದಕ್ಕೆ ಮಗಳ ಊರಿನ ಸಮಯ ಕೊಟ್ಟರು. ಸ್ಪ್ರಿಂಗ್ ತಕ್ಕಡಿ ತಂದು ಪ್ರತಿಯೊಂದು ಗಂಟನ್ನೂ ತೂಗಿ ಗ್ರಾಮಿನ ಲೆಕ್ಕದಲ್ಲಿ ಬರೆದರು. ಪ್ರತಿದಿನ ಬೆಳಿಗ್ಗೆ ಹರಿಹರೇಶ್ವರ ದೇವಾಲಯದಿಂದ ನದಿಯ ದಂಡೆಗುಂಟ ನಡೆದರು. ಮೂರು ತಿಂಗಳ ಕೊನೆಗೆ ಅವರ ಸಕ್ಕರೆ ಇಳಿದಿತ್ತು. ಅದಕ್ಕಿಂತ ಮಿಗಿಲಾಗಿ, “ಯಜಮಾನರು ಮತ್ತೆ ಮಾತಾಡೋಕೆ ಶುರು ಮಾಡಿದಾರೆ ಡಾಕ್ಟರೇ” ಎಂದು ಅವರ ಮಡದಿ ನಗುತ್ತ ಹೇಳಿದರು. ಅವರಿನ್ನೂ ಆಗ ವಿಮಾನವನ್ನು ಹತ್ತಿರದಿಂದ ನೋಡಿಯೂ ಇರಲಿಲ್ಲ.

ಮೂರನೆಯ ತಿಂಗಳು: ಗಂಟು ಕಟ್ಟುವುದು

ಈ ತಿಂಗಳು ಅಡುಗೆಮನೆಯ ತಿಂಗಳು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸೆ ಪುಡಿ, ಖಡಕ್ ರೊಟ್ಟಿ, ಅಂಟಿನುಂಡೆ ಇವುಗಳ ವಾಸನೆ ಬೀದಿಗೆಲ್ಲ ಹಬ್ಬುತ್ತದೆ. ನೆರೆಹೊರೆಯವರೂ ಕೈಜೋಡಿಸುತ್ತಾರೆ. ಒಂದೊಂದು ಡಬ್ಬಿಯ ಮೇಲೂ ಒಳಗಿರುವುದೇನೆಂದು ಇಂಗ್ಲಿಷಿನಲ್ಲಿ ಬರೆದು ಅಂಟಿಸಬೇಕು.

ಆದರೆ ಎಲ್ಲವನ್ನೂ ಎಲ್ಲ ದೇಶಗಳಿಗೂ ಒಯ್ಯಲಾಗದು. ಅಮೆರಿಕಕ್ಕೆ ಹಸಿ ಕರಿಬೇವು, ಹಣ್ಣು, ತರಕಾರಿ ಒಯ್ಯುವಂತಿಲ್ಲ. ನಮ್ಮ ಭದ್ರಾ ನಾಲೆಯ ಅಕ್ಕಿ ಎಷ್ಟೇ ಚೆನ್ನಾಗಿರಲಿ, ಅಕ್ಕಿ, ಕಡಲೆಕಾಳು, ಕುಸುಬೆ ಬೀಜಗಳಿಗೂ ಅಲ್ಲಿ ತಡೆಯಿದೆ. ಧಾನ್ಯ ತಿನ್ನುವ ಒಂದು ಕೀಟ ಅವುಗಳೊಡನೆ ಬಂದೀತೆಂಬ ಭಯ ಅವರಿಗೆ. ಹುರಿದು ಕುಟ್ಟಿದ ಪುಡಿ, ಒಣ ರೊಟ್ಟಿಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೂ ಅಲ್ಲಿ ಕೊಡುವ ಪತ್ರದಲ್ಲಿ ಅಥವಾ ಕೇಳುವ ಅಧಿಕಾರಿಗೆ ಆಹಾರ ಪದಾರ್ಥವಿದೆ ಎಂದು ಹೇಳಲೇಬೇಕು. ಹೇಳಿದರೆ ಹೆಚ್ಚೆಂದರೆ ಪದಾರ್ಥ ಹೋಗುತ್ತದೆ. ಮುಚ್ಚಿಟ್ಟರೆ ದಂಡ ಬೀಳುತ್ತದೆ. ಆಸ್ಟ್ರೇಲಿಯದ ನಿಯಮ ಇನ್ನೂ ಬಿಗಿ.

ಗಸಗಸೆಯ ವಿಷಯದಲ್ಲಿ ತಾಯಂದಿರು ವಿಶೇಷ ಎಚ್ಚರಿಕೆ ವಹಿಸಬೇಕು. ದುಬೈ ಮೊದಲಾದ ಊರುಗಳಿರುವ ಯು.ಎ.ಇ.ಯಲ್ಲಿ, ಸೌದಿ ಅರೇಬಿಯದಲ್ಲಿ, ಸಿಂಗಪುರದಲ್ಲಿ ಗಸಗಸೆಯನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸಿದ್ದಾರೆ. ಬಾಣಂತಿಗೆಂದು ಕಟ್ಟಿದ ಅಂಟಿನುಂಡೆಯಲ್ಲಿನ ಒಂದು ಹಿಡಿ ಗಸಗಸೆ ಪೊಲೀಸ್ ಠಾಣೆಯವರೆಗೆ ಎಳೆಯಬಲ್ಲದು. ಆ ದೇಶಗಳಿಗೆ ಹೋಗುವವರು, ಅಲ್ಲಿ ವಿಮಾನ ಬದಲಿಸುವವರು ಸಹ ಗಸಗಸೆ ಇಲ್ಲದೆ ಉಂಡೆ ಕಟ್ಟಬೇಕು. ಕೊಡೀನ್, ಟ್ರಮಡಾಲ್ ಇರುವ ಕೆಮ್ಮಿನ, ನೋವಿನ ಔಷಧಗಳಿಗೂ ಕೊಲ್ಲಿಯಲ್ಲಿ ಮುಂಚಿತವಾಗಿ ಅನುಮತಿ ಬೇಕು.

ಔಷಧದ ಗಂಟನ್ನು ಬೇರೆಯಾಗಿಯೇ ಕಟ್ಟಬೇಕು. ಉಳಿಯುವ ಅವಧಿಗೆ ಬೇಕಾದಷ್ಟು, ಮೇಲೆ ಎರಡು ವಾರದಷ್ಟು ಮಾತ್ರೆಗಳನ್ನು ಮೂಲ ಪಟ್ಟಿಯಲ್ಲಿಯೇ ಇಟ್ಟು, ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿ ಒಯ್ಯಬೇಕು. ಇನ್ಸುಲಿನ್ ಸಹ ಕೈಚೀಲದಲ್ಲಿಯೇ ಇರಲಿ. ಸರಕಿನ ಕೋಣೆಯ ಚಳಿಗೆ ಅದು ಕೆಡಬಹುದು. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲನಾಮವೂ ಇರಬೇಕು. ನಮ್ಮ ಪ್ಯಾರಾಸಿಟಮಾಲನ್ನು ಅಮೆರಿಕದಲ್ಲಿ ಅಸಿಟಮಿನೋಫೆನ್ ಎನ್ನುತ್ತಾರೆ. ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ಸಕ್ಕರೆಯ ಅಳತೆಯೇ ಬೇರೆ. ನಮ್ಮ 180 ಅಲ್ಲಿ 10 ಆಗುತ್ತದೆ. ನಮ್ಮ ಅಂಕಿಯನ್ನು 18ರಿಂದ ಭಾಗಿಸಿದರೆ ಅವರ ಅಂಕಿ ಸಿಗುತ್ತದೆ ಎಂದು ಪುಸ್ತಕದಲ್ಲಿ ಬರೆದುಕೊಂಡರೆ ಗಾಬರಿಯಾಗುವುದಿಲ್ಲ.

ಆಯುರ್ವೇದ ವೈದ್ಯರಾಗಿ ನಾವು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಪಾದರಸ, ಸೀಸ ಮೊದಲಾದವು ಸೇರಿದ ರಸೌಷಧಗಳನ್ನು ಪರದೇಶಕ್ಕೆ ಒಯ್ಯಬೇಡಿ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಿಂದ 70 ಆಯುರ್ವೇದ ಔಷಧಗಳನ್ನು ಕೊಂಡು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತು. ಅಂದಿನಿಂದ ಅಲ್ಲಿನ ವೈದ್ಯರು ನಮ್ಮ ಔಷಧಗಳನ್ನು ಸಂಶಯದಿಂದ ನೋಡುತ್ತಾರೆ. ಹೆಸರಿಲ್ಲದ ಪುಡಿ ಪೊಟ್ಟಣಗಳಂತೂ ಬೇಡವೇ ಬೇಡ. ಶುಂಠಿ, ಜೀರಿಗೆ, ತ್ರಿಫಲಾ ಚೂರ್ಣಗಳಂತಹ ಸರಳ ದ್ರವ್ಯಗಳು ಮುದ್ರಿತ ಪೊಟ್ಟಣದಲ್ಲಿದ್ದರೆ ಸಾಕು. ಗಂಟಲಿಗೆಂದು ಜ್ಯೇಷ್ಠಮಧು ಜಗಿಯುವ ಅಭ್ಯಾಸವಿರುವವರು, ಬಹುದಿನ ಸೇವಿಸಿದರೆ ಅದು ರಕ್ತದೊತ್ತಡ ಏರಿಸುತ್ತದೆಂಬುದನ್ನು ತಿಳಿದಿರಬೇಕು. ನಮ್ಮ ಔಷಧವಿದೆಯೆಂದು ಸಕ್ಕರೆ, ರಕ್ತದೊತ್ತಡದ ಮಾತ್ರೆಗಳನ್ನು ಯಾರೂ ತಾವಾಗಿಯೇ ನಿಲ್ಲಿಸಬಾರದು.

ವಿಮಾನದಲ್ಲಿ

ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು ಇರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ರಾತ್ರಿಯೆಲ್ಲ ಕುಳಿತಂತೆ ಎಂದು ತಿಳಿಯಬಹುದು. ಆ ಗಾಳಿ ಬಹಳ ಒಣದು, ತಂಪು. ರೂಕ್ಷ, ಶೀತ, ಚಲ ಇವು ಮೂರೂ ವಾತದ ಗುಣಗಳು. ಆದ್ದರಿಂದ ಆಗಾಗ ಗುಟುಕು ಗುಟುಕಾಗಿ ನೀರು, ಕಿವಿ ಮುಚ್ಚುವ ಟೋಪಿ, ಕಾಲುಚೀಲ, ಹಗುರವಾದ ಬೆಚ್ಚಗಿನ ಊಟ ಇವು ವಾತಶಮನಕ್ಕೆ ಸಹಕಾರಿ. ಶೌಚಾಲಯಕ್ಕೆ ಏಳಬೇಕಾದೀತೆಂದು ನೀರು ಬಿಡುವವರಿದ್ದಾರೆ, ಪಕ್ಕದವರಿಗೆ ತೊಂದರೆಯೆಂದು ಮೂತ್ರ ತಡೆಯುವವರೂ ಇದ್ದಾರೆ. ಸಹಜ ವೇಗಗಳನ್ನು ತಡೆಯಬಾರದೆಂಬುದು ನಮ್ಮ ಶಾಸ್ತ್ರದ ಮೂಲಪಾಠ. ಟಿಕೆಟ್ಟು ಕೊಳ್ಳುವಾಗಲೇ ನಡುದಾರಿಯ ಪಕ್ಕದ ಆಸನ ಕೇಳಿಕೊಳ್ಳಬೇಕು.

ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಗಂಟೆಗೊಮ್ಮೆ ಹಿಮ್ಮಡಿಯನ್ನು ಇಪ್ಪತ್ತು ಸಲ ಎತ್ತಿ ಇಳಿಸುವುದು, ಎರಡು ಗಂಟೆಗೊಮ್ಮೆ ಎದ್ದು ನಡೆಯುವುದು ಅತ್ಯವಶ್ಯ. ಕಾಲಿನ ನರ ಉಬ್ಬಿದವರು ಬಿಗಿ ಕಾಲುಚೀಲದ ಬಗ್ಗೆ ವೈದ್ಯರನ್ನು ಕೇಳಬೇಕು. ನಿದ್ದೆ ಮಾತ್ರೆ ನುಂಗಿ ಮಲಗಿಬಿಡುವುದು ಸರಿಯಲ್ಲ. ಇಳಿದ ನಂತರದ ದಿನಗಳಲ್ಲಿ ಒಂದೇ ಕಾಲು ಊದಿ ನೋಯತೊಡಗಿದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಭಕ್ತರು ನಮ್ಮನ್ನು ಕೇಳುವ ಇನ್ನೊಂದು ಪ್ರಶ್ನೆ ಇಷ್ಟಲಿಂಗದ ಕುರಿತಾದದ್ದು. ಬೆಳ್ಳಿಯ ಕರಡಿಗೆಗೆ ತಪಾಸಣೆಯ ಯಂತ್ರ ಸದ್ದು ಮಾಡುತ್ತದೆ. ಗಾಬರಿಗೊಳ್ಳದೆ, ಇದು ಪೂಜೆಯ ವಸ್ತುವೆಂದು ಮೊದಲೇ ತಿಳಿಸಿ, ಪ್ರತ್ಯೇಕವಾಗಿ ಪರೀಕ್ಷಿಸುವಂತೆ ವಿನಂತಿಸಬಹುದು. ಅದನ್ನು ಇಂಗ್ಲಿಷಿನಲ್ಲಿ ಹೇಳುವ ಎರಡು ವಾಕ್ಯಗಳನ್ನು ಪುಸ್ತಕದಲ್ಲಿ ಬರೆದು ಕಲಿತಿಟ್ಟುಕೊಂಡರೆ ಧೈರ್ಯ. ಅಮೆರಿಕದ ವಿಮಾನಗಳಲ್ಲಿ 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ ಹೆಚ್ಚಿನ ತಪಾಸಣೆಯಾಗುತ್ತದೆ. ಆದ್ದರಿಂದ ವಿಭೂತಿಯ ಒಂದು ಸಣ್ಣ ಗಟ್ಟಿ ಜೊತೆಗಿರಲಿ, ಚಟ್ನಿಪುಡಿಗಳು ದೊಡ್ಡ ಪೆಟ್ಟಿಗೆಗೆ ಹೋಗಲಿ. ಎಣ್ಣೆ, ಕಷಾಯಗಳೂ ಅಷ್ಟೇ. ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಸೀಸೆಗೆ ಅವಕಾಶವಿಲ್ಲ.

ಪ್ರಯಾಣ ನಿಂತರೂ ನಷ್ಟವಿಲ್ಲ

ಕೆಲವೊಮ್ಮೆ ವೀಸಾ ಸಿಗುವುದಿಲ್ಲ. ಕೆಲವೊಮ್ಮೆ ಮನೆಯಲ್ಲಿ ಏನೋ ಆಗಿ ಪ್ರಯಾಣ ಮುಂದಕ್ಕೆ ಹೋಗುತ್ತದೆ. ಆಗ ಹಿರಿಯರು ಬಹಳ ಕುಗ್ಗುತ್ತಾರೆ; ವಿಷಾದದ ಬಗ್ಗೆ ಆಚಾರ್ಯರು ಹೇಳಿದ್ದನ್ನು ಮೇಲೆ ನೋಡಿದೆವು. ಆದರೆ ತೊಂಬತ್ತು ದಿನ ಕೈಯಾರೆ ಸಿದ್ಧತೆ ಮಾಡಿಕೊಂಡವರ ಬಳಿ ಬಹಳ ಉಳಿದಿರುತ್ತದೆ. ನಲವತ್ತು ನಿಮಿಷ ನಡೆಯಬಲ್ಲ ಕಾಲು, ಸಂಜೆ ಬೇಗ ಊಟ ಮಾಡುವ ಅಭ್ಯಾಸ, ತಮ್ಮ ಔಷಧಗಳ ಹೆಸರು ತಿಳಿದ ತಲೆ, ಮುಖ್ಯ ಕಾಗದಗಳೆಲ್ಲ ಒಂದೆಡೆ ಇರುವ ಪುಸ್ತಕ ಇವು ಇಲ್ಲಿನ ಬದುಕಿಗೂ ಬೇಕಾದವೇ. ಚಟ್ನಿಪುಡಿಯನ್ನು ಅಂಚೆಯಲ್ಲಿ ಕಳುಹಿಸಬಹುದು, ಇಲ್ಲವೇ ಹೋಗುವ ಬೇರೊಬ್ಬರ ಕೈಯಲ್ಲಿ ಕೊಡಬಹುದು. ಮತ್ತೆ ಅವಕಾಶ ಬಂದಾಗ ಅರ್ಧ ಕೆಲಸ ಮುಗಿದೇ ಇರುತ್ತದೆ.

ಪರದೇಶದಲ್ಲಿರುವ ಮಕ್ಕಳಿಗೂ ನಮ್ಮದೊಂದು ವಿನಂತಿ. ತಂದೆತಾಯಿಯರ ಟಿಕೆಟ್ಟನ್ನು ತಾವು ಕೊಳ್ಳಿ, ಸಂತೋಷ. ಆದರೆ ಯಾವ ದಿನ ಹೊರಡುವುದು, ಏನೇನು ನೋಡುವುದು, ಯಾವ ಗಂಟಿನಲ್ಲಿ ಏನಿಡುವುದು ಎಂಬುದನ್ನು ಅವರಿಗೇ ಬಿಡಿ. ವಾರಕ್ಕೊಮ್ಮೆ ದೂರವಾಣಿಯಲ್ಲಿ “ಅಪ್ಪಾಜಿ, ಸಿದ್ಧತೆ ಎಲ್ಲಿಗೆ ಬಂತು?” ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಹೇಳಲಿಕ್ಕೆಂದೇ ಅವರು ಮರುದಿನ ಬೆಳಿಗ್ಗೆ ಬೂಟು ಹಾಕಿಕೊಂಡು ಕೆರೆಯ ಏರಿಗೆ ಹೋಗುತ್ತಾರೆ.